ದೊಡ್ಡ ಔಷಧ ಕಂಪನಿಯಲ್ಲಿ ಕ್ಯೂಸಿ ಟ್ರೇನಿ: ಒಳಗಿನ ಕೆಲಸ ನಿಜವಾಗಿ ಹೇಗಿರುತ್ತೆ?

ಹೊಸಬ_ರಸಾಯನ:

ಎಂಎಸ್ಸಿ ಕೆಮಿಸ್ಟ್ರಿ ಮುಗಿದಿದೆ, ಎರಡು ಕಡೆಯಿಂದ ಆಫರ್ ಇದೆ. ಒಂದು ಜಿಗಣಿ ಕಡೆ ಮಾತ್ರೆ ತಯಾರಿಸುವ ದೊಡ್ಡ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್, ಮಾಲು ಅಮೆರಿಕಕ್ಕೆ ಹೋಗುತ್ತಂತೆ. ಇನ್ನೊಂದು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬಲ್ಕ್ ಡ್ರಗ್ (ಮಾತ್ರೆಗೆ ಹಾಕುವ ಮೂಲ ಔಷಧ ವಸ್ತು) ಪ್ರೊಡಕ್ಷನ್. ಕ್ಯೂಸಿಯಲ್ಲಿ ಒಂದು ಶಿಫ್ಟ್ ಹೇಗೆ ಸಾಗುತ್ತೆ? ರಿಸಲ್ಟ್ ಫೇಲ್ ಬಂದರೆ ಅನಲಿಸ್ಟ್ ತಲೆಗೇ ಕಟ್ಟುತ್ತಾರೆ ಅನ್ನೋದು ನಿಜವಾ? ಪ್ರೊಡಕ್ಷನ್‌ನಲ್ಲಿ ಅಪಾಯ ಜಾಸ್ತಿಯಾ? ಸೀನಿಯರ್‌ಗಳನ್ನು ಕೇಳಿದರೆ "ಬರೀ ಪೇಪರ್ ಕೆಲಸ" ಅನ್ನುತ್ತಾರೆ, ಮುಂದೆ ಏನೂ ಹೇಳಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಸಿ18_ಕಾಲಮ್:

ಶಿಫ್ಟ್ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ಬಂದ ಕೂಡಲೇ ಹಿಂದಿನ ಶಿಫ್ಟ್‌ನವರು ಯಾವ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಮೆಷಿನ್) ಏನು ಓಡುತ್ತಿದೆ ಅಂತ ಹ್ಯಾಂಡೋವರ್ ಕೊಡುತ್ತಾರೆ. ಆಮೇಲೆ ತಕ್ಕಡಿಯ ದಿನದ ಚೆಕ್, ಪಿಎಚ್ ಮೀಟರ್ ಕ್ಯಾಲಿಬ್ರೇಷನ್, ಮೊಬೈಲ್ ಫೇಸ್ (ಆ ಮೆಷಿನ್‌ನ ಕಾಲಮ್ ಎಂಬ ಕೊಳವೆಯೊಳಗೆ ಹರಿಸುವ ದ್ರವ) ತಯಾರಿ.

ಲ್ಯಾಬ್‌ನಲ್ಲಿ ಟೈಮ್ ಎಲ್ಲಿ ಹೋಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ. ಮೂರು ಬ್ಯಾಚ್ ಅಸ್ಸೇ (ಔಷಧದ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಬೇಕು ಅಂದುಕೊಳ್ಳಿ. ಬ್ಲಾಂಕ್ (ಬರೀ ದ್ರಾವಕ) 1, ಪ್ಲಸಿಬೊ (ಔಷಧವಿಲ್ಲದ ಮಾತ್ರೆ ಮಿಶ್ರಣ) 1, ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಔಷಧ) 5, ಬ್ಯಾಚ್‌ಗೆ ಎರಡರಂತೆ ಸ್ಯಾಂಪಲ್ 6, ಕೊನೆಗೆ ಮೆಷಿನ್ ಇನ್ನೂ ಸರಿಯಿದೆಯಾ ಅಂತ ನೋಡುವ ಬ್ರಾಕೆಟಿಂಗ್ ಸ್ಟ್ಯಾಂಡರ್ಡ್ 1. ಒಟ್ಟು 14 ಇಂಜೆಕ್ಷನ್. ಒಂದೊಂದರ ರನ್ ಟೈಮ್ 15 ನಿಮಿಷ ಇದ್ದರೆ ಮೂರೂವರೆ ಗಂಟೆ. ಅದೇ ಮಾಲಿನ ಇಂಪ್ಯೂರಿಟಿ (ಕಲ್ಮಶ) ಮೆಥಡ್‌ಗೆ ರನ್ ಟೈಮ್ 60 ನಿಮಿಷ ಅಂದರೆ 14 ಗಂಟೆ. ನೀವು ಹಚ್ಚಿದ್ದು ಮುಗಿಯೋದು ಇನ್ನೊಬ್ಬರ ಶಿಫ್ಟ್‌ನಲ್ಲಿ. ಫ್ಲೋ ನಿಮಿಷಕ್ಕೆ 1 ಮಿ.ಲೀ. ಇದ್ದರೆ 840 ಮಿ.ಲೀ. ಫೇಸ್ ರನ್‌ಗೇ ಬೇಕು. ಅದಕ್ಕೂ ಮೊದಲು ಕಾಲಮ್ ಹದಕ್ಕೆ ಬರಲು ಓಡಿಸುವುದು ಬೇರೆ. ಹೊಸಬರು ಲೆಕ್ಕ ಹಾಕದೆ ಬಾಟಲಿ ಇಟ್ಟು ಮನೆಗೆ ಹೋಗುತ್ತಾರೆ. ನಡುರಾತ್ರಿ ಫೇಸ್ ಮುಗಿದು ಪಂಪ್ ಗಾಳಿ ಎಳೆದುಕೊಳ್ಳುತ್ತೆ, ರನ್ ಅಲ್ಲಿಗೆ ನಿಲ್ಲುತ್ತೆ, ಬೆಳಿಗ್ಗೆ ಅದಕ್ಕೊಂದು ಇನ್ಸಿಡೆಂಟ್ ವರದಿ ಬರೆಯಬೇಕು.

ಸ್ಯಾಂಪಲ್ ಹಚ್ಚುವ ಮೊದಲು ಸಿಸ್ಟಮ್ ಸೂಟೆಬಿಲಿಟಿ (ಮೆಷಿನ್ ಸರಿಯಾಗಿ ಅಳೆಯುತ್ತಿದೆಯಾ ಅನ್ನೋ ಪರೀಕ್ಷೆ) ಪಾಸ್ ಆಗಬೇಕು. ಐದು ಸ್ಟ್ಯಾಂಡರ್ಡ್ ಇಂಜೆಕ್ಷನ್‌ಗಳ ಆರ್‌ಎಸ್‌ಡಿ (ಪರಸ್ಪರ ವ್ಯತ್ಯಾಸ) ಸಾಮಾನ್ಯವಾಗಿ ಶೇ 2.0 ಮೀರಬಾರದು, ಟೇಲಿಂಗ್ (ಗ್ರಾಫ್‌ನ ಪೀಕ್ ಬಾಲದಂತೆ ಎಳೆಯುವುದು) ಮೆಥಡ್‌ನಲ್ಲಿ ಕೊಟ್ಟ ಮಿತಿಯೊಳಗಿರಬೇಕು.

ಕಾಲಮ್ ಹಾಳಾಗೋದು ಹೆಚ್ಚಾಗಿ ತೊಳೆಯುವಾಗ. ಫಾಸ್ಫೇಟ್ ಬಫರ್ ಒಳಗಿದ್ದಾಗಲೇ ನೇರ ಅಸಿಟೊನೈಟ್ರೈಲ್ ಬಿಟ್ಟರೆ ಉಪ್ಪು ಗಟ್ಟಿಯಾಗಿ ಕೂತು ಪ್ರೆಷರ್ ಏರುತ್ತೆ. ಮೊದಲು ನೀರು ಜಾಸ್ತಿ ಇರುವ ಮಿಶ್ರಣ, ಉದಾಹರಣೆಗೆ 90:10, ಅರ್ಧ ಗಂಟೆಯಾದರೂ ಓಡಿಸಿ. ಆಮೇಲೆ ಆರ್ಗಾನಿಕ್ ಏರಿಸಿ.

ಡಿಸ್ಸಲ್ಯೂಷನ್‌ಗೆ (ಮಾತ್ರೆ ಎಷ್ಟು ಬೇಗ ಕರಗುತ್ತೆ ಅನ್ನೋ ಪರೀಕ್ಷೆ) ಕೈ ಚುರುಕಿರಬೇಕು. 900 ಮಿ.ಲೀ. ಮೀಡಿಯಾ (ಕರಗಿಸುವ ದ್ರವ), 37 ಡಿಗ್ರಿಗೆ ಅರ್ಧ ಡಿಗ್ರಿ ಆಚೆ ಈಚೆ, ಆರು ಬೌಲ್. 30 ನಿಮಿಷಕ್ಕೆ ಸ್ಯಾಂಪಲ್ ಅಂದರೆ ಶೇ 2ರಷ್ಟೇ ವಿನಾಯಿತಿ, ಅಂದರೆ 36 ಸೆಕೆಂಡ್. ಆರಕ್ಕೂ ಒಟ್ಟಿಗೆ ಮಾತ್ರೆ ಹಾಕಿ ಒಬ್ಬರೇ ಕೈಯಲ್ಲಿ ತೆಗೆಯಲು ಹೋದರೆ ಕೊನೆಯ ಬೌಲ್ ತಡವಾಗುತ್ತೆ. ಅದಕ್ಕೇ ಒಂದೊಂದು ನಿಮಿಷದ ಅಂತರದಲ್ಲಿ ಹಾಕೋದು. ಮೀಡಿಯಾದ ಗಾಳಿ ಸರಿಯಾಗಿ ತೆಗೆಯದಿದ್ದರೆ ಮಾತ್ರೆಗೆ ಗುಳ್ಳೆ ಅಂಟಿ ತೇಲುತ್ತೆ, ಆ ಬೌಲ್ ಒಂದರ ರಿಸಲ್ಟ್ ಕಡಿಮೆ ಬರುತ್ತೆ.

ಕ್ಯೂ (ನಿಗದಿತ ಸಮಯದಲ್ಲಿ ಕರಗಬೇಕಾದ ಶೇಕಡಾ ಪ್ರಮಾಣ) 80 ಅಂದರೆ ಮೊದಲ ಹಂತದ ಆರು ಮಾತ್ರೆಯಲ್ಲಿ ಪ್ರತಿಯೊಂದೂ 85 ಮುಟ್ಟಬೇಕು. ಮುಟ್ಟದಿದ್ದರೆ ಇನ್ನಾರು. ಆಗ ಹನ್ನೆರಡರ ಸರಾಸರಿ 80 ಆದರೂ ಇರಬೇಕು, ಯಾವುದೂ 65ಕ್ಕಿಂತ ಕೆಳಗೆ ಇರಬಾರದು. ಎರಡನೇ ಹಂತಕ್ಕೆ ಹೋಯಿತು ಅಂದರೆ ಫೇಲ್ ಅಲ್ಲ. ಇದನ್ನು ಇಂಟರ್‌ವ್ಯೂನಲ್ಲೂ ಕೇಳುತ್ತಾರೆ.

ನೀಲಿ_ಶಾಯಿ:

ಮೇಲಿನವರು ಕೈಕೆಲಸ ಹೇಳಿದ್ದಾರೆ, ನಾನು "ಪೇಪರ್ ಕೆಲಸ"ದ ಬಗ್ಗೆ ಹೇಳುತ್ತೇನೆ. ಆ ಮಾತನ್ನು ಹಗುರವಾಗಿ ಆಡುವವರ ಮೇಲೆ ನನಗೆ ಬೇಸರವಿದೆ. ಮಾತ್ರೆ ನುಂಗುವವರಿಗೆ ಅದನ್ನು ಪರೀಕ್ಷಿಸಿ ನೋಡುವ ದಾರಿ ಇಲ್ಲ. ಅವರಿಗಿರುವ ಆಧಾರ ನೀವು ಬರೆದ ದಾಖಲೆ ಒಂದೇ.

ನಿಯಮ ಸರಳ. ಮಾಡಿದಾಗಲೇ ಬರೆಯಬೇಕು, ಮಾಡಿದವರೇ ಬರೆಯಬೇಕು, ಅಳಿಸಬಾರದು. ತಪ್ಪಾದರೆ ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಕಾರಣ. ವೈಟ್ನರ್ ಲ್ಯಾಬ್‌ನೊಳಗೆ ಬರುವಂತೆಯೇ ಇಲ್ಲ. ಅಂಗೈ ಮೇಲೆ, ಟಿಶ್ಯೂ ಮೇಲೆ, ಗ್ಲೌಸ್ ಮೇಲೆ ತೂಕ ಬರೆದುಕೊಂಡು ಆಮೇಲೆ ಬುಕ್‌ಗೆ ಏರಿಸುವುದು ಹೊಸಬರ ಅಭ್ಯಾಸ. ಇನ್‌ಸ್ಪೆಕ್ಟರ್‌ಗಳು ಕಸದ ಬುಟ್ಟಿಯನ್ನೂ ತೆಗೆದು ನೋಡುತ್ತಾರೆ. ಅಲ್ಲಿ ಒಂದು ಚೀಟಿ ಸಿಕ್ಕರೆ ಇಡೀ ಲ್ಯಾಬ್‌ನ ದಾಖಲೆಯ ಮೇಲೆ ಅನುಮಾನ ಶುರು.

ಕಂಪ್ಯೂಟರ್‌ನಲ್ಲೂ ಅಷ್ಟೇ. ಪ್ರತಿ ಇಂಜೆಕ್ಷನ್, ಪ್ರತಿ ಇಂಟಿಗ್ರೇಷನ್ (ಪೀಕ್ ಅಳತೆ) ಬದಲಾವಣೆ ಆಡಿಟ್ ಟ್ರೇಲ್‌ನಲ್ಲಿ (ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆ) ಕೂರುತ್ತೆ. ಸೀಕ್ವೆನ್ಸ್‌ಗೆ ಮೊದಲು ಸ್ಯಾಂಪಲ್ ಅನ್ನೇ "ಟ್ರಯಲ್" ಅಂತ ಹೆಸರಿಟ್ಟು ಬೇರೆ ಫೋಲ್ಡರ್‌ನಲ್ಲಿ ಒಂದು ಸಲ ಓಡಿಸಿ ನೋಡೋದು ದೊಡ್ಡ ಅಪರಾಧ. ಯಾರು ಹೇಳಿದರೂ ಮಾಡಬೇಡಿ. ನಿಮ್ಮ ಪಾಸ್‌ವರ್ಡ್ ಪಕ್ಕದವರಿಗೆ ಕೊಡಬೇಡಿ, ಲಾಗಿನ್ ಬಿಟ್ಟು ಕ್ಯಾಂಟೀನ್‌ಗೆ ಹೋಗಬೇಡಿ. ಅಲ್ಲಿ ಬೇರೆಯವರು ಏನು ಮಾಡಿದರೂ ಹೆಸರು ನಿಮ್ಮದೇ ಇರುತ್ತೆ.

ಇನ್ನು ಓಓಎಸ್ (ಔಟ್ ಆಫ್ ಸ್ಪೆಸಿಫಿಕೇಷನ್). ರಿಸಲ್ಟ್ ಮಿತಿ ಮೀರಿ ಬಂದರೆ ಅದಷ್ಟಕ್ಕೇ ಯಾರದೂ ಕೆಲಸ ಹೋಗಬೇಕಿಲ್ಲ. ಆಗ ಮಾಡಬೇಕಾದ ಮೊದಲ ಕೆಲಸ, ಏನನ್ನೂ ಚೆಲ್ಲದಿರುವುದು. ಸ್ಯಾಂಪಲ್ ದ್ರಾವಣ, ಸ್ಟ್ಯಾಂಡರ್ಡ್, ವಯಲ್, ಫ್ಲಾಸ್ಕ್, ಪಿಪೆಟ್ ಎಲ್ಲ ಇದ್ದ ಹಾಗೇ ಇಟ್ಟು ಸೂಪರ್‌ವೈಸರ್‌ಗೆ ಕೂಡಲೇ ತಿಳಿಸಿ. ಹೆದರಿ ಗಾಜನ್ನು ತೊಳೆದುಬಿಟ್ಟರೆ ಕಾರಣ ಹುಡುಕುವ ದಾರಿಯೇ ಮುಚ್ಚಿಹೋಗುತ್ತೆ, ಆಮೇಲೆ ನಿಜವಾಗಿಯೂ ನಿಮ್ಮ ತಲೆಗೇ ಬರುತ್ತೆ. ಮೊದಲ ಹಂತದಲ್ಲಿ ನೋಡೋದು ತೂಕದ ಪ್ರಿಂಟ್, ಡೈಲ್ಯೂಷನ್, 25 ಮಿ.ಲೀ. ಫ್ಲಾಸ್ಕ್ ಬದಲು 20 ತೆಗೆದುಕೊಂಡಿರಾ, ಸೋನಿಕೇಷನ್ (ಶಬ್ದದ ಅಲೆಯಿಂದ ಕರಗಿಸುವುದು) ಪೂರ್ತಿ ಆಯಿತಾ, ಲೆಕ್ಕ ಸರಿಯಿದೆಯಾ. ಅದೇ ವಯಲ್ ಮತ್ತೆ ಇಂಜೆಕ್ಟ್ ಮಾಡಿದರೆ ಮೆಷಿನ್ ತಪ್ಪಾ ಅನ್ನೋದು ಗೊತ್ತಾಗುತ್ತೆ. ಲ್ಯಾಬ್ ತಪ್ಪು ಸಿಗದಿದ್ದರೆ ತನಿಖೆ ಪ್ರೊಡಕ್ಷನ್ ಕಡೆ ತಿರುಗುತ್ತೆ. ಪಾಸ್ ಬರುವ ತನಕ ಟೆಸ್ಟ್ ಮಾಡುತ್ತಾ ಹೋಗುವುದನ್ನು ಅಮೆರಿಕದ ಕೋರ್ಟ್ 1993ರ ಬಾರ್ ಲ್ಯಾಬೊರೇಟರೀಸ್ ಪ್ರಕರಣದಲ್ಲೇ ತಳ್ಳಿಹಾಕಿದೆ.

ಇದೆಲ್ಲ ಯಾಕೆ ಇಷ್ಟು ಬಿಗಿ ಅಂತ ಕೇಳಿದರೆ, ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ತಪಾಸಣೆಯಲ್ಲಿ ಕೊರತೆ ಕಂಡರೆ ಅವುಗಳ ಪಟ್ಟಿಯಾದ ಫಾರ್ಮ್ 483 ಕೈಗೆ ಕೊಟ್ಟು ಹೋಗುತ್ತಾರೆ, ಕಂಪನಿ 15 ಕೆಲಸದ ದಿನಗಳೊಳಗೆ ಉತ್ತರ ಕಳಿಸಬೇಕು. ಉತ್ತರ ಸಾಲದಿದ್ದರೆ ವಾರ್ನಿಂಗ್ ಲೆಟರ್, ಅದಕ್ಕೂ ಮಿಗಿಲಾದರೆ ಆ ಘಟಕದ ಮಾಲು ಅಮೆರಿಕದೊಳಗೆ ಬರದಂತೆ ಇಂಪೋರ್ಟ್ ಅಲರ್ಟ್. 2013ರ ಮೇ ತಿಂಗಳಲ್ಲಿ ಭಾರತದ ಔಷಧ ಕಂಪನಿ ರಾನ್‌ಬ್ಯಾಕ್ಸಿಯ ಅಮೆರಿಕದ ಅಂಗಸಂಸ್ಥೆ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆ ಪ್ರಕರಣ ಹೊರಗೆ ತಂದವರು ಕಂಪನಿಯೊಳಗೇ ಕೆಲಸ ಮಾಡಿದ್ದ ದಿನೇಶ್ ಠಾಕೂರ್. ದೇಶದೊಳಗೂ 2023ರ ಡಿಸೆಂಬರ್‌ನಲ್ಲಿ ಶೆಡ್ಯೂಲ್ ಎಂ (ಔಷಧ ತಯಾರಿಕೆಯ ಗುಣಮಟ್ಟದ ನಿಯಮ) ಪರಿಷ್ಕರಣೆಯಾಗಿ ನಿಯಮ ಬಿಗಿಯಾಗಿದೆ.

ಹೊಸಬ_ರಸಾಯನ:

ತುಂಬಾ ಉಪಯೋಗವಾಯಿತು. ಪ್ರೊಡಕ್ಷನ್ ಬಗ್ಗೆ ಯಾರಾದರೂ? ಮಾತ್ರೆ ಮತ್ತು ಬಲ್ಕ್ ಡ್ರಗ್ ಎರಡೂ ಒಂದೇ ಥರನಾ?

ಪಂಚ್_ಡೈ:

ಎರಡೂ ಬೇರೆಯೇ. ಮಾತ್ರೆ ವಿಭಾಗದ್ದು ನಾನು ಹೇಳುತ್ತೇನೆ.

ಪುಡಿ ಆರ್‌ಎಂಜಿಯಲ್ಲಿ (ಕಲಸುವ ಮೆಷಿನ್) ಬೈಂಡರ್ (ಅಂಟು) ಜೊತೆ ಕಲಸಿ, ಎಫ್‌ಬಿಡಿಯಲ್ಲಿ (ಬಿಸಿಗಾಳಿಯ ಡ್ರೈಯರ್) ಒಣಗಿಸಿ, ಜರಡಿ ಹಿಡಿದು, ಕೊನೆಗೆ ಮೆಗ್ನೀಸಿಯಂ ಸ್ಟಿಯರೇಟ್ (ಅಂಟದಂತೆ ಜಾರಿಸುವ ಪುಡಿ) ಸೇರಿಸಿ ಕಂಪ್ರೆಷನ್‌ಗೆ (ಮಾತ್ರೆಯಾಗಿ ಒತ್ತಲು). ಕಣದ ತೇವಾಂಶವೇ ಮುಕ್ಕಾಲು ಕಥೆ. ಅತಿಯಾಗಿ ಒಣಗಿದರೆ ಮಾತ್ರೆಯ ಮೇಲ್ಭಾಗ ಟೋಪಿಯ ಹಾಗೆ ಕಳಚುತ್ತೆ, ಅದೇ ಕ್ಯಾಪಿಂಗ್. ತೇವ ಉಳಿದರೆ ಮಾತ್ರೆ ಒತ್ತುವ ಪಂಚ್‌ಗೆ ಅಂಟುತ್ತೆ, ಅಕ್ಷರ ಕಿತ್ತುಬರುತ್ತೆ. ಪ್ಯಾರಾಸಿಟಮಾಲ್ ಒತ್ತಿದ ಮೇಲೆ ಹಿಗ್ಗುವ ಗುಣದ್ದು, ಅದಕ್ಕೇ ಅದರಲ್ಲಿ ಕ್ಯಾಪಿಂಗ್ ಕಾಟ ಹೆಚ್ಚು. ಮೆಷಿನ್ ವೇಗ ಇಳಿಸಿ, ಪ್ರೀ-ಕಂಪ್ರೆಷನ್ ಸ್ವಲ್ಪ ಏರಿಸಿ ನೋಡುತ್ತಾರೆ, ಅದೂ ಬಿಎಂಆರ್‌ನಲ್ಲಿ (ಬ್ಯಾಚ್ ತಯಾರಿಕೆಯ ದಾಖಲೆ) ಕೊಟ್ಟ ಮಿತಿಯೊಳಗೆ ಮಾತ್ರ. ಸ್ಟಿಯರೇಟ್ ಕಲಸುವುದು ಕೆಲವೇ ನಿಮಿಷ. ಮರೆತು ಬ್ಲೆಂಡರ್ ಹೆಚ್ಚು ಹೊತ್ತು ತಿರುಗಿದರೆ ಅದು ಕಣಗಳ ಮೇಲೆ ಜಿಡ್ಡಿನ ಪದರವಾಗಿ ಹರಡುತ್ತೆ. ಮಾತ್ರೆ ಮೆತ್ತಗಾಗುತ್ತೆ, ನೀರಲ್ಲಿ ನಿಧಾನ ಕರಗುತ್ತೆ. ಮೇಲೆ ಹೇಳಿದ ಡಿಸ್ಸಲ್ಯೂಷನ್ ಫೇಲ್‌ನ ಬೇರು ಎಷ್ಟೋ ಸಲ ಇಲ್ಲೇ ಇರುತ್ತೆ.

45 ಸ್ಟೇಷನ್ ಡಬಲ್ ರೋಟರಿ ಮೆಷಿನ್ (ಸುತ್ತಿಗೆ ಪ್ರತಿ ಸ್ಟೇಷನ್‌ನಿಂದ ಎರಡು ಮಾತ್ರೆ) 30 ಆರ್‌ಪಿಎಂಗೆ ಓಡಿದರೆ ನಿಮಿಷಕ್ಕೆ 2,700 ಮಾತ್ರೆ. ಅರ್ಧ ಗಂಟೆಗೊಮ್ಮೆ ತೂಕ, ಗಡಸುತನ, ದಪ್ಪ ನೋಡುವ ನಿಯಮ ಇದ್ದಲ್ಲಿ ಒಂದು ಚೆಕ್ ತಪ್ಪಿತು, ಮುಂದಿನದರಲ್ಲಿ ತೂಕ ಆಚೆ ಬಂತು ಅಂದುಕೊಳ್ಳಿ. ಕೊನೆಯ ಸರಿಯಾದ ಚೆಕ್‌ನಿಂದ ಈಚೆಗೆ ಬಿದ್ದದ್ದೆಲ್ಲ ಬೇರೆ ಇಡಬೇಕು, ಗಂಟೆಗೆ 1,62,000 ಮಾತ್ರೆ. ಚೆಕ್ ಮಾಡದೆಯೇ ಅಂಕಿ ತುಂಬಿಸುವ ಆಸೆ ಹುಟ್ಟೋದು ಇಂಥ ಹೊತ್ತಿನಲ್ಲೇ. ಅಲ್ಲಿ ಮೆಷಿನ್ ನಿಲ್ಲಿಸಿ ಡೀವಿಯೇಷನ್ (ನಿಯಮ ತಪ್ಪಿದ ವರದಿ) ಎತ್ತುವ ಧೈರ್ಯ ಬೇಕು.

ಲೈನ್ ಕ್ಲಿಯರೆನ್ಸ್ ಅನ್ನು (ಹೊಸ ಬ್ಯಾಚ್‌ಗೆ ಮೊದಲು ಹಳೆಯದು ಏನೂ ಉಳಿದಿಲ್ಲ ಅಂತ ನೋಡುವುದು) ಬರೀ ಸಹಿಯ ಕೆಲಸ ಅಂದುಕೊಳ್ಳಬೇಡಿ. ಹಿಂದಿನ ಬ್ಯಾಚ್‌ನ ಮಾತ್ರೆ ಅಡಗಿ ಕೂರುವ ಜಾಗಗಳು ಗೊತ್ತಿರಬೇಕು: ಟರೆಟ್ (ಮೆಷಿನ್‌ನ ತಿರುಗುವ ತಟ್ಟೆ) ಕೆಳಗೆ, ಮಾತ್ರೆಯ ಧೂಳು ಉದುರಿಸುವ ಡಿಡಸ್ಟರ್‌ನ ಸುರುಳಿಯಲ್ಲಿ, ಧೂಳು ಎಳೆಯುವ ಪೈಪ್‌ನ ಬಾಗಿನಲ್ಲಿ, ಡಬ್ಬದ ಮುಚ್ಚಳದ ಅಂಚಿನಲ್ಲಿ. ಟಾರ್ಚ್ ಹಿಡಿದು ಬಗ್ಗಿ ನೋಡಿ. ಬಿಪಿ ಮಾತ್ರೆಯ ಬಾಟಲಿಗೆ ಸಕ್ಕರೆ ಕಾಯಿಲೆಯ ಒಂದು ಮಾತ್ರೆ ಸೇರಿದರೂ ಇಡೀ ಬ್ಯಾಚ್ ವಾಪಸ್ ಕರೆಸಬೇಕಾಗುತ್ತೆ.

ದೇಹಕ್ಕೆ ಕಷ್ಟ ಅಂದರೆ ನಿಂತೇ ಇರುವುದು, ಕಿವಿಗೆ ಸದ್ದು, ಮಾಸ್ಕ್ ಮತ್ತು ಗೌನ್‌ನ ಸೆಕೆ.

ಸಾಲ್ವೆಂಟ್_ಯಾರ್ಡ್:

ಬಲ್ಕ್ ಡ್ರಗ್‌ನಲ್ಲಿ ಅಪಾಯ ಜಾಸ್ತಿ, ಇದನ್ನು ಸುತ್ತಿಬಳಸಿ ಹೇಳುವುದು ಬೇಡ. ಟೊಲ್ವೀನ್‌ನ ಫ್ಲ್ಯಾಷ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವಷ್ಟಾಗುವ ಕನಿಷ್ಠ ಉಷ್ಣತೆ) 4 ಡಿಗ್ರಿ, ಮೆಥನಾಲ್‌ನದು 11. ಅಂದರೆ ಬೀದರಿನ ಚಳಿಗಾಲದ ಹಗಲಲ್ಲೂ ಡ್ರಮ್ ಬಾಯಿ ತೆಗೆದರೆ ಹೊತ್ತಿಕೊಳ್ಳುವ ಆವಿ ಅಲ್ಲಿ ತಯಾರಾಗಿರುತ್ತೆ, ಕಿಡಿ ಒಂದು ಬಾಕಿ. ಕಿಡಿ ಬರುವುದು ಹೆಚ್ಚಾಗಿ ಸ್ಟ್ಯಾಟಿಕ್‌ನಿಂದ (ಉಜ್ಜಿದಾಗ ಹುಟ್ಟುವ ವಿದ್ಯುತ್): ಪ್ಲಾಸ್ಟಿಕ್ ಚೀಲದಿಂದ ಪುಡಿಯನ್ನು ರಿಯಾಕ್ಟರ್‌ನ ಮ್ಯಾನ್‌ಹೋಲ್ ಮೂಲಕ ಸಾಲ್ವೆಂಟ್ ಮೇಲೆ ಸುರಿಯುವಾಗ, ಅರ್ತಿಂಗ್ ಕ್ಲಿಪ್ ಹಾಕದೆ ಡ್ರಮ್‌ನಿಂದ ಎಳೆಯುವಾಗ, ಸೆಂಟ್ರಿಫ್ಯೂಜ್‌ಗೆ ನೈಟ್ರೋಜನ್ ಬಿಡದೆ ತಿರುಗಿಸುವಾಗ. ಕ್ಲಿಪ್ ಬಣ್ಣದ ಮೇಲೆ ಕಚ್ಚಿದ್ದರೆ ಇಲ್ಲದ ಹಾಗೇ, ಬರಿಯ ಲೋಹಕ್ಕೆ ಕಚ್ಚಬೇಕು.

ನೈಟ್ರೋಜನ್‌ಗೆ ವಾಸನೆಯಿಲ್ಲ, ಉಸಿರು ಕಟ್ಟುವ ಸೂಚನೆಯನ್ನೂ ಕೊಡುವುದಿಲ್ಲ. ಪರ್ಮಿಟ್ ಇಲ್ಲದೆ, ಆಮ್ಲಜನಕ ಶೇ 19.5ಕ್ಕಿಂತ ಮೇಲಿದೆ ಅಂತ ಮೀಟರ್ ತೋರಿಸದೆ, ಹೊರಗೆ ಒಬ್ಬರು ನಿಲ್ಲದೆ ರಿಯಾಕ್ಟರ್ ಒಳಗೆ ತಲೆಯನ್ನೂ ಹಾಕಬೇಡಿ. ಒಳಗೆ ಬಿದ್ದವರನ್ನು ಎಳೆಯಲು ಹಾಗೇ ಇಳಿದವರೂ ಅಲ್ಲೇ ಉಳಿದ ಘಟನೆಗಳು ಈ ಉದ್ಯಮದಲ್ಲಿ ಮತ್ತೆ ಮತ್ತೆ ಆಗಿವೆ.

2024ರ ಆಗಸ್ಟ್ 21ರಂದು ಆಂಧ್ರದ ಅಚ್ಯುತಾಪುರಂನಲ್ಲಿ ಸಾಲ್ವೆಂಟ್ ಸೋರಿ ಸ್ಫೋಟವಾಗಿ 17 ಜನ ಸತ್ತರು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನ ಸ್ಫೋಟದಲ್ಲಿ ಸತ್ತವರು 40ಕ್ಕೂ ಹೆಚ್ಚು. ಅಲ್ಲಿ ತಯಾರಾಗುತ್ತಿದ್ದದ್ದು ಮಾತ್ರೆಗೆ ಹಾಕುವ ಸೆಲ್ಯುಲೋಸ್ ಪುಡಿ. ಪುಡಿ ತಾನೇ ಅಂತ ಅಸಡ್ಡೆ ಮಾಡುವವರಿಗೆ ಇದು ಗೊತ್ತಿರಲಿ.

ಬೀದರಿಗೆ ಹೋಗುವುದಾದರೆ ಸೇರುವ ಮೊದಲು ಕೇಳಿ: ಪುಡಿ ಚಾರ್ಜ್ ಮಾಡುವುದು ಮುಚ್ಚಿದ ವ್ಯವಸ್ಥೆಯಲ್ಲಾ, ಮ್ಯಾನ್‌ಹೋಲ್‌ನಿಂದಲಾ? ರಾತ್ರಿ ಶಿಫ್ಟ್‌ನಲ್ಲಿ ಸೇಫ್ಟಿ ಆಫೀಸರ್ ಇರುತ್ತಾರಾ? ಕಾಂಟ್ರ್ಯಾಕ್ಟ್ ಕೆಲಸಗಾರರಿಗೂ ಅದೇ ಟ್ರೇನಿಂಗ್ ಇದೆಯಾ? ಉತ್ತರ ತಡವರಿಸಿದರೆ ಜಿಗಣಿಯೇ ವಾಸಿ.

ನೀಲಿ_ಶಾಯಿ:

ಒಂದು ಸೇರಿಸುತ್ತೇನೆ. ಆಫರ್ ಲೆಟರ್‌ನಲ್ಲಿ ಟ್ರೇನಿ ಅವಧಿ ಎಷ್ಟು, ಆಮೇಲೆ ಕಂಪನಿ ರೋಲ್‌ಗೇ ತೆಗೆದುಕೊಳ್ಳುತ್ತಾರಾ ಅನ್ನೋದು ಬರಹದಲ್ಲಿ ಇರಲಿ. ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತೆಗೆದುಕೊಳ್ಳಿ, ಬಿಟ್ಟುಬರಬೇಡಿ. ಮೊದಲ ವಾರ ಡಜನ್‌ಗಟ್ಟಲೆ ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ಮುಂದಿಟ್ಟು "ಓದಿ ತಿಳಿದಿದ್ದೇನೆ" ಅಂತ ಸಹಿ ಕೇಳುತ್ತಾರೆ. ಓದದೆ ಹಾಕಬೇಡಿ. ಆರು ತಿಂಗಳಾದ ಮೇಲೆ ಇನ್‌ಸ್ಪೆಕ್ಟರ್ ನಿಮ್ಮ ಬೆಂಚಿನ ಎದುರು ನಿಂತು ಆ ಸಹಿ ತೋರಿಸಿಯೇ, ಪಿಎಚ್ ಮೀಟರ್ ಸ್ಲೋಪ್‌ನ ಮಿತಿ ಎಷ್ಟು ಅಂತ ಕೇಳುವುದುಂಟು.

ಹೊಸಬ_ರಸಾಯನ:

ಎಲ್ಲರಿಗೂ ಧನ್ಯವಾದ. ಜಿಗಣಿಗೆ ಹೂಂ ಅನ್ನುತ್ತಿದ್ದೇನೆ. ಸೇರುವ ಮೊದಲು ಸಿಗುವ ಹದಿನೈದು ದಿನದಲ್ಲಿ ಏನು ಓದಿಕೊಳ್ಳಲಿ?

ಸಿ18_ಕಾಲಮ್:

ಡೈಲ್ಯೂಷನ್ ಲೆಕ್ಕ. 50 ಮಿ.ಗ್ರಾಂ ಸ್ಟ್ಯಾಂಡರ್ಡ್ 50 ಮಿ.ಲೀ.ಗೆ, ಅದರಲ್ಲಿ 5 ಮಿ.ಲೀ. ಮತ್ತೆ 50ಕ್ಕೆ ಅಂದರೆ ಮಿ.ಲೀ.ಗೆ 0.1 ಮಿ.ಗ್ರಾಂ ಅಂತ ಪೆನ್ ಹಿಡಿಯದೆ ಹೇಳುವಷ್ಟು ಪಳಗಿ. ಅಸ್ಸೇ ಸೂತ್ರದಲ್ಲಿ ಸ್ಟ್ಯಾಂಡರ್ಡ್‌ನ ಪೊಟೆನ್ಸಿ (ಶುದ್ಧತೆಯ ಶೇಕಡಾ) ಮತ್ತು ನೀರಿನಂಶ ಎಲ್ಲಿ ಕೂರುತ್ತೆ ಅಂತ ನೋಡಿಕೊಳ್ಳಿ, ಹೊಸಬರು ಎಡವುವುದು ಅಲ್ಲೇ.