ಅಪ್‌ಡೇಟ್: ರೈಲು ಓಡತೊಡಗಿದೊಡನೆ ಚಾನೆಲ್ ಅಂದಾಜು ತಪ್ಪುತ್ತಿದ್ದುದರ ಕಾರಣ

ಕಾರವಾರದಿಂದ ಕುಮಟಾಕ್ಕೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಸಾಗುವ ರೈಲನ್ನು ಕಲ್ಪಿಸಿಕೊಂಡು ಬರೆದ ನನ್ನ ವೈರ್‌ಲೆಸ್ ಸಂಪರ್ಕದ ಸಿಮ್ಯುಲೇಶನ್‌ನಲ್ಲಿ, ಅಂಕೋಲಾದಲ್ಲಿ ನಿಂತಾಗ ಚಾನೆಲನ್ನು, ಅಂದರೆ ಸಿಗ್ನಲ್ ದಾರಿಯಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು, ಸರಿಯಾಗಿ ಅಂದಾಜಿಸುವ ರಿಸೀವರ್ ರೈಲು ಹೊರಟೊಡನೆ ಏಕೆ ತಪ್ಪುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಮೊದಲು ಡಾಪ್ಲರ್ (ಚಲನೆಯಿಂದ ಸಿಗ್ನಲ್‌ನ ಆವರ್ತನ ಎಷ್ಟು ಜಾರುತ್ತದೆ ಎಂಬುದರ) ಲೆಕ್ಕ ಹಾಕಿ ನೋಡಿ ಎಂದು ಹಿರಿಯರೊಬ್ಬರು ಉತ್ತರಿಸಿದ್ದರು. 1.8 ಗಿಗಾಹರ್ಟ್ಸ್‌ನಲ್ಲಿ ಅದು ಗರಿಷ್ಠ 200 ಹರ್ಟ್ಸ್. ಅಂದರೆ ಚಾನೆಲ್ ಸುಮಾರು 2 ಮಿಲಿಸೆಕೆಂಡಿನಲ್ಲೇ ಬದಲಾಗಿಬಿಡುತ್ತದೆ. ನಾನೋ 10 ಮಿಲಿಸೆಕೆಂಡಿಗೊಮ್ಮೆ ಮಾತ್ರ ಪೈಲಟ್ (ಚಾನೆಲ್ ಅಳೆಯಲೆಂದೇ ಕಳಿಸುವ, ರಿಸೀವರ್‌ಗೆ ಮೊದಲೇ ಗೊತ್ತಿರುವ ಸಿಗ್ನಲ್) ಕಳಿಸಿ, ಹಳಸಿದ ಅಂದಾಜನ್ನೇ ನೆಚ್ಚಿಕೊಂಡಿದ್ದೆ.

ಪೈಲಟ್‌ಗಳನ್ನು 0.5 ಮಿಲಿಸೆಕೆಂಡಿಗೊಮ್ಮೆ ಇಟ್ಟು ಕಾಲ್ಮನ್ ಫಿಲ್ಟರ್ (ಹಿಂದಿನ ಊಹೆಯನ್ನೂ ಹೊಸ ಅಳತೆಯನ್ನೂ ತೂಗಿ ಅಂದಾಜು ಕೊಡುವ ವಿಧಾನ) ಅಳವಡಿಸಿದ ಮೇಲೂ ಅಂದಾಜು ನಿಜವಾದ ಚಾನೆಲ್‌ಗಿಂತ ಹಿಂದೆ ಬೀಳುತ್ತಿತ್ತು. ತಪ್ಪು ನನ್ನದೇ: ಒಂದು ಪೈಲಟ್‌ನಿಂದ ಮುಂದಿನದಕ್ಕೆ ಚಾನೆಲ್ ಉಳಿಸಿಕೊಳ್ಳುವ ಸಹಸಂಬಂಧವನ್ನು ಕಣ್ಣಂದಾಜಿನಲ್ಲಿ 0.99 ಎಂದು ಬರೆದಿದ್ದೆ. ಚಲಿಸುವ ರಿಸೀವರ್‌ನಲ್ಲಿ ಸಿಗ್ನಲ್‌ನ ಏರಿಳಿತವನ್ನು ವಿವರಿಸುವ ಜೇಕ್ಸ್ ಮಾದರಿಯ ಬೆಸೆಲ್ ಫಲನದಿಂದ (ಒಂದು ಗಣಿತ ಸೂತ್ರದಿಂದ) ಲೆಕ್ಕ ಹಾಕಿದರೆ ಅದು ಸುಮಾರು 0.90 ಬರುತ್ತದೆ, ಅದಕ್ಕೆ ತಕ್ಕಂತೆ ಫಿಲ್ಟರ್ ಬಳಸುವ ಮಾದರಿಯ ಗದ್ದಲದ ವೇರಿಯನ್ಸ್ (ಪೈಲಟ್‌ಗಳ ನಡುವೆ ಚಾನೆಲ್ ಊಹೆಗೆ ಸಿಗದೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) 0.02ರಿಂದ 0.18ಕ್ಕೆ ಏರಬೇಕು. ಹಾಗೆ ಮಾಡದಿದ್ದುದರಿಂದ ಫಿಲ್ಟರ್ ಹೊಸ ಅಳತೆಗಿಂತ ತನ್ನ ಹಳೆಯ ಊಹೆಯನ್ನೇ ಹೆಚ್ಚು ನಂಬುತ್ತಿತ್ತು.

ಎರಡೂ ಅಂಕಿಗಳನ್ನು ತಿದ್ದಿದ ಮೇಲೆ ಗ್ರಾಫಿನಲ್ಲಿ ನಿಜವಾದ ಚಾನೆಲ್ ಮತ್ತು ಅಂದಾಜಿನ ಎರಡು ಗೆರೆಗಳೂ ಬಹುತೇಕ ಒಂದರ ಮೇಲೊಂದು ಕೂತಿವೆ. ಸಿಗ್ನಲ್ ಆಳವಾಗಿ ಕುಸಿಯುವ ಕಡೆಗಳಲ್ಲಿ ಮಾತ್ರ ಇನ್ನೂ ತುಸು ಅಂತರವಿದೆ.