ಆನ್‌ಲೈನ್ ವಿಮಾನ ಸಿಮ್ಯುಲೇಟರ್ ಬಳಗದಲ್ಲಿದ್ದವರನ್ನು ಕೇಳುವುದು: ನಮ್ಮನ್ನು ಅಲ್ಲಿ ಹಿಡಿದಿಟ್ಟಿದ್ದೇನು?

ಮುಗಿಲಗೆರೆ (ಪ್ರಶ್ನೆ):
ಕಾಲೇಜಿನ ದಿನಗಳಲ್ಲಿ ನಾನು ವ್ಯಾಟ್‌ಸಿಮ್ ಜಾಲದ ಸದಸ್ಯನಾಗಿದ್ದೆ. ಪರಿಚಯವಿಲ್ಲದವರಿಗಾಗಿ ಹೇಳುವುದಾದರೆ, ಅದು 2001ರಲ್ಲಿ ಆರಂಭವಾದ, ಶುಲ್ಕವಿಲ್ಲದ, ಸ್ವಯಂಸೇವಕರೇ ನಡೆಸುವ ವ್ಯವಸ್ಥೆ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರೂ, ರೇಡಾರ್ ಪರದೆಯ ಮುಂದೆ ಕುಳಿತು ಅವರಿಗೆ ಎತ್ತರ, ದಿಕ್ಕು, ಇಳಿಯುವ ಸರದಿ ಹೇಳುವ ನಿಯಂತ್ರಕರೂ ಅಲ್ಲಿ ಒಂದೇ ಆಕಾಶದಲ್ಲಿರುತ್ತಾರೆ. ಇತ್ತೀಚೆಗೆ ನನ್ನ ಅಕ್ಕನ ಮಗ ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿಯನ್ನು ತೋರಿಸಿದ. ಉಪಗ್ರಹ ಚಿತ್ರಗಳಿಂದ ಪಶ್ಚಿಮ ಘಟ್ಟವೇ ಕಣ್ಣೆದುರು ಮೂಡಿ ನಿಂತಿತ್ತು. ಆದರೆ ಅವನು ಹಾರುವುದು ಒಬ್ಬನೇ. ಜಾಲಕ್ಕೆ ಸೇರಿಕೋ ಎಂದರೆ, "ಅಲ್ಲೇನಿದೆ ಮಾಮ?" ಎನ್ನುತ್ತಾನೆ. ನೆಲವೆಂದರೆ ಹಸಿರು ಬಣ್ಣದ ಚಪ್ಪಟೆ ಹಾಳೆಯಂತಿದ್ದ ಆ ಕಾಲದಲ್ಲಿ ನಾವು ರಾತ್ರಿಯಿಡೀ ಅಲ್ಲಿ ಕುಳಿತಿರುತ್ತಿದ್ದೆವಲ್ಲ, ಅದಕ್ಕೆ ಕಾರಣವೇನೆಂದು ನೀವು ಹೇಗೆ ವಿವರಿಸುತ್ತೀರಿ?

ಗೋಪುರವಾಸಿ:
ನಾನು ಕೆಲವು ವರ್ಷ ಆ ಜಾಲದಲ್ಲಿ ನಿಯಂತ್ರಕನಾಗಿದ್ದವನು. ನನ್ನ ಮಟ್ಟಿಗೆ ಉತ್ತರ ಸರಳವಾಗಿದೆ: ನೀವು ಹೇಳಿದ್ದನ್ನು ಆ ತುದಿಯಲ್ಲಿ ಒಬ್ಬ ಮನುಷ್ಯ ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದ. ಹೊರಡುವ ಮುನ್ನ ಪೈಲಟ್ ತನಗೆ ಕೊಟ್ಟ ಅನುಮತಿಯನ್ನು, ಅಂದರೆ ಮಾರ್ಗ, ಮೊದಲ ಎತ್ತರ, ರೇಡಾರಿನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿಯ ಟ್ರಾನ್ಸ್‌ಪಾಂಡರ್ ಸಂಕೇತ ಇವೆಲ್ಲವನ್ನೂ, ತಿರುಗಿ ಓದಿ ಹೇಳಬೇಕು. ಒಂದಂಕಿ ತಪ್ಪಿದರೂ ನಿಯಂತ್ರಕ ತಡೆದು ಸರಿಪಡಿಸುತ್ತಾನೆ. ಸಿಮ್ಯುಲೇಟರಿನೊಳಗೇ ಇದ್ದ ಯಾಂತ್ರಿಕ ನಿಯಂತ್ರಕನಿಗೆ ಈ ಎಚ್ಚರ ಎಲ್ಲಿಂದ ಬರಬೇಕು?

ಆ ಕುರ್ಚಿ ಸುಮ್ಮನೆ ಸಿಗುವಂಥದ್ದೂ ಆಗಿರಲಿಲ್ಲ. ಲಿಖಿತ ಪರೀಕ್ಷೆಯಾಗಬೇಕು, ತರಬೇತುದಾರರ ಎದುರು ಕೆಲಸ ಮಾಡಿ ತೋರಿಸಬೇಕು. ನೆಲದ ಸಂಚಾರದಿಂದ ಗೋಪುರಕ್ಕೆ, ಅಲ್ಲಿಂದ ನಿಲ್ದಾಣದ ಸುತ್ತಲಿನ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್‌ಗೆ, ಕೊನೆಗೆ ಇಡೀ ವಾಯುಪ್ರದೇಶವನ್ನು ನೋಡಿಕೊಳ್ಳುವ ಸೆಂಟರ್‌ಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಕಟ್ಟುನಿಟ್ಟೇ ಎಂದು ಮನೆಯವರು ನಗುತ್ತಿದ್ದರು. ಆ ಕಟ್ಟುನಿಟ್ಟು ಇಲ್ಲದಿದ್ದರೆ ನಾನಂತೂ ಒಂದು ತಿಂಗಳೂ ಅಲ್ಲಿರುತ್ತಿರಲಿಲ್ಲ. ಯುರೋಪಿನಲ್ಲಿ ಸಂಜೆಯಾಗಿ ಜಾಲ ತುಂಬುವ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ. ಭಾರತದ ಆಕಾಶ ಬಹುತೇಕ ಖಾಲಿಯಾಗಿರುತ್ತಿದ್ದುದರಿಂದ ಎಷ್ಟೋ ಸಲ ನಮ್ಮವರು ನಿಯಂತ್ರಕನಿಲ್ಲದಾಗ ಎಲ್ಲರೂ ಬಳಸುವ 122.8 ಮೆಗಾಹರ್ಟ್ಸ್‌ನ ಯೂನಿಕಾಮ್ ಎಂಬ ರೇಡಿಯೊ ಆವರ್ತನದಲ್ಲಿ ತಮ್ಮ ಇಳಿಯುವಿಕೆಯನ್ನು ಯಾರೂ ಇಲ್ಲದ ಬಯಲಿಗೆ ಸಾರುತ್ತಿದ್ದರು. ಆದ್ದರಿಂದಲೇ ಚೆನ್ನೈಯಲ್ಲೋ ಮುಂಬೈಯಲ್ಲೋ ನಿಯಂತ್ರಕನೊಬ್ಬ ಕಾಣಿಸಿಕೊಂಡರೆ ಸುದ್ದಿ ಕ್ಷಣದಲ್ಲಿ ಹರಡಿ, ಕೊಚ್ಚಿಗೆ ಹೊರಟವರೂ ದಾರಿ ಬದಲಿಸಿ ಅಲ್ಲಿಗೇ ಬಂದಿಳಿಯುತ್ತಿದ್ದರು.

ರನ್‌ವೇ_ಶಿಲ್ಪಿ:
ಗೋಪುರವಾಸಿಯವರು ಹೇಳಿದ್ದು ಸರಿ, ಆದರೆ ಹಾರದವರೂ ಆ ಬಳಗದಲ್ಲಿದ್ದರು. ನಾನು ಹಾರಿದ್ದಕ್ಕಿಂತ ಕಟ್ಟಿದ್ದೇ ಹೆಚ್ಚು. ಅದೇ ಮೈಕ್ರೋಸಾಫ್ಟ್ ಸಿಮ್ಯುಲೇಟರಿನ, 2003ರಲ್ಲಿ ಮತ್ತು 2006ರಲ್ಲಿ ಬಂದ ಆವೃತ್ತಿಗಳು ಹೊರಬಿದ್ದಾಗ ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ ತೆರೆದಿರಲಿಲ್ಲ. 2008ರ ಮೇ 24ರಂದು ಅದು ತೆರೆದು, ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ನಾಗರಿಕ ವಿಮಾನಗಳ ಸಂಚಾರ ನಿಂತಾಗ, ನಿಜವಾದ ಬೆಂಗಳೂರಿನ ವಿಮಾನಗಳು ಒಂದು ಕಡೆ ಇಳಿಯುತ್ತಿದ್ದವು, ನಮ್ಮವು ಇನ್ನೊಂದು ಕಡೆ. ನಾಲ್ಕು ಸಾವಿರ ಮೀಟರ್ ಉದ್ದದ ಆ ರನ್‌ವೇಯನ್ನು, ಟ್ಯಾಕ್ಸಿ ಮಾರ್ಗಗಳನ್ನು, ನಿಲುಗಡೆಗಳನ್ನು ಉಪಗ್ರಹ ಚಿತ್ರ ನೋಡಿ ಅಳೆದು ನಾವೇ ಕೂರಿಸಬೇಕಾಯಿತು. ಒಬ್ಬರು ಟರ್ಮಿನಲ್ ಗೋಡೆಯ ಫೋಟೊ ಕಳಿಸಿದರೆ, ಯಾವುದೋ ದೇಶದ ಇನ್ನೊಬ್ಬರು ದೀಪಗಳ ಸಾಲನ್ನು ತಿದ್ದಿ ಹಿಂದಿರುಗಿಸುತ್ತಿದ್ದರು. ಹಣದ ಮಾತೇ ಬರುತ್ತಿರಲಿಲ್ಲ. ಜೊತೆಗೆ ಕೊಡುವ ರೀಡ್‌ಮಿ ಎಂಬ ವಿವರಣೆಯ ಕಡತದಲ್ಲಿ ಹೆಸರು ಹಾಕಿದರೆ ಸಾಕಾಗಿತ್ತು.

2009 ಮಾತ್ರ ಕೆಟ್ಟ ವರ್ಷ. ಜನವರಿಯಲ್ಲಿ ಮೈಕ್ರೋಸಾಫ್ಟ್ ಈ ಸಿಮ್ಯುಲೇಟರನ್ನು ರೂಪಿಸುತ್ತಿದ್ದ ತನ್ನ ಏಸಸ್ ಸ್ಟುಡಿಯೊವನ್ನೇ ಮುಚ್ಚಿತು. ಮೇ ತಿಂಗಳಲ್ಲಿ, ಹವ್ಯಾಸಿಗಳ ಕೆಲಸದ ದೊಡ್ಡ ಭಂಡಾರವಾಗಿದ್ದ ಆವ್‌ಸಿಮ್ ತಾಣಕ್ಕೆ ನುಗ್ಗಿದವರು ಎರಡೂ ಸರ್ವರ್‌ಗಳನ್ನು ಹಾಳುಗೆಡವಿದರು. ಒಂದರ ನಕಲನ್ನು ಇನ್ನೊಂದರಲ್ಲಿ ಇಟ್ಟಿದ್ದರಿಂದ ಎರಡೂ ಒಟ್ಟಿಗೆ ಹೋದವು. ತಾಣ ಮತ್ತೆ ಎದ್ದು ನಿಂತಿತಾದರೂ, ಆ ವಾರ ನಾವು ಹಳೆಯ ಸಿ.ಡಿ.ಗಳನ್ನೆಲ್ಲ ತಡಕಾಡಿ, ಸಿಕ್ಕಿದ್ದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ನಾನು ಎಂದೋ ಬಿಟ್ಟುಕೊಟ್ಟಿದ್ದ ಕಡತವನ್ನು ಅಪರಿಚಿತರೊಬ್ಬರು ಜೋಪಾನವಾಗಿ ಇಟ್ಟುಕೊಂಡಿದ್ದರೆಂದು ತಿಳಿದಾಗ ಆದ ಸಂತೋಷವನ್ನು ಯಾವ ಹೊಸ ದೃಶ್ಯವೈಭವವೂ ನನಗೆ ಕೊಟ್ಟಿಲ್ಲ.

ಎದುರುಗಾಳಿ:
ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೂ ಹಿಂದಿನದೆಲ್ಲ ಚಿನ್ನವಾಗಿತ್ತು ಎಂಬ ಧಾಟಿ ನನಗೆ ಹಿಡಿಸುವುದಿಲ್ಲ. ಚಿಕ್ಕ ಊರಿನಿಂದ, ಕನ್ನಡ ಮಾಧ್ಯಮದಿಂದ ಬಂದ ನನಗೆ ರೇಡಿಯೊ ಗುಂಡಿ ಒತ್ತಲು ಕೈ ನಡುಗುತ್ತಿತ್ತು. ಉಚ್ಚಾರಣೆ ಕೇಳಿ ನಕ್ಕವರೂ ಇದ್ದರು, ಹೊಸಬರು ಬಂದರೆ ಗೊಣಗುವ ಹಿರಿಯರೂ ಇದ್ದರು. ಸಿಮ್ಯುಲೇಟರ್ ಹವ್ಯಾಸಿಗಳು ಕಟ್ಟಿಕೊಂಡ ವರ್ಚುವಲ್ ಏರ್‌ಲೈನ್‌ಗಳಲ್ಲಂತೂ ಹಾರಾಟದ ಗಂಟೆಗಳ ಲೆಕ್ಕದ ಮೇಲೆ ಕ್ಯಾಪ್ಟನ್ ಪದವಿ ಹಂಚಿ, ಅದನ್ನೇ ನಿಜವಾದ ಅಧಿಕಾರವೆಂದುಕೊಂಡವರನ್ನು ಕಂಡಿದ್ದೇನೆ. ನನ್ನನ್ನು ಉಳಿಸಿದ್ದು ಒಂದು ನಿಯಮ: ಪೈಲಟ್ ಮಾತನಾಡದೆ, ಬರಹದಲ್ಲಿಯೇ ಉತ್ತರಿಸಬಹುದಿತ್ತು. ತಿಂಗಳುಗಟ್ಟಲೆ ಟೈಪು ಮಾಡುತ್ತಲೇ ಹಾರಿದೆ; ವಾಕ್ಯಗಳ ಅಚ್ಚು ಕಿವಿಗೆ ಕೂತ ಮೇಲೆ ಮಾತು ತಾನಾಗಿ ಬಂತು. ರೇಡಿಯೊ ಭಾಷೆ ಅಷ್ಟೊಂದು ಕಟ್ಟುಪಾಡಿನದಾಗಿರುವುದು ನಮ್ಮಂಥವರಿಗೆ ಅನುಕೂಲವೇ, ಏಕೆಂದರೆ ಅಲ್ಲಿ ಅಲಂಕಾರದ ಇಂಗ್ಲಿಷಿಗೆ ಜಾಗವಿಲ್ಲ. ಇನ್ನು ಧ್ವನಿಯ ಗುಣಮಟ್ಟ ಈಗ ಎಷ್ಟೋ ಮೇಲು. 2019ರ ಅಕ್ಟೋಬರಿನಲ್ಲಿ ಹೊಸ ಧ್ವನಿವ್ಯವಸ್ಥೆ ಬಂದ ಮೇಲೆ ದೂರ ಹೆಚ್ಚಿದಂತೆ ಸದ್ದು ಕ್ಷೀಣಿಸುವುದು ಕೂಡ ನಿಜವಾದ ರೇಡಿಯೊದಂತೆಯೇ ಕೇಳಿಸುತ್ತದೆ. ನಿಮ್ಮ ಹುಡುಗ ತಡವಾಗಿ ಬಂದನೆಂದು ಮರುಗಬೇಕಾಗಿಲ್ಲ.

ಮುಗಿಲಗೆರೆ:
ಮೂವರಿಗೂ ಧನ್ಯವಾದಗಳು. ಎದುರುಗಾಳಿಯವರ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ಹುಡುಗನ ಹಿಂಜರಿಕೆಯೂ ಬಹುಶಃ ಅದೇ. ಸದಸ್ಯತ್ವಕ್ಕೆ ಹದಿಮೂರು ತುಂಬಿರಬೇಕೆಂಬ ನಿಯಮವಿದೆ, ಅದು ಅವನಿಗೆ ದಾಟಿದೆ. ಹೊಸ ಸದಸ್ಯರ ಪ್ರಾಥಮಿಕ ಪರೀಕ್ಷೆಗೂ ಓದಿಕೊಳ್ಳಲು ಒಪ್ಪಿದ್ದಾನೆ. ಅದಾದ ಮೇಲೆ ಮೊದಲು ವೀಕ್ಷಕನಾಗಿ ಸೇರಿ, ಯಾವುದಾದರೂ ಜನಸಂದಣಿಯ ಯುರೋಪಿನ ಗೋಪುರವನ್ನು ಸುಮ್ಮನೆ ಕೇಳಲಿ ಎಂದುಕೊಂಡಿದ್ದೇನೆ. ಗೋಪುರವಾಸಿಯವರೇ, ತೀರ ವೇಗವಾಗಿ ಮಾತನಾಡದ ನಿಲ್ದಾಣ ಯಾವುದಾದರೂ ನಿಮ್ಮ ಗಮನದಲ್ಲಿದ್ದರೆ ದಯವಿಟ್ಟು ತಿಳಿಸಿ.