ಪರ್ವತ ಹಂತದಲ್ಲಿ ಗೆಲ್ಲುವವರನ್ನು ಊಹಿಸುವುದು ಹೇಗೆ? ಮೈಸೂರು, ಮಂಡ್ಯದ ಸವಾರರ ಅನುಭವಗಳು

ಕೇಳಿದವರು, ಮೈಸೂರು:
ನಾವು ಆರು ಮಂದಿ ಗೆಳೆಯರು ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತೇವೆ. ಜುಲೈ ಬಂದರೆ ಟೂರ್ ಡಿ ಫ್ರಾನ್ಸ್‌ನ ಪರ್ವತ ಹಂತಗಳನ್ನು, ಅಂದರೆ ಬೆಟ್ಟ ಏರುವ ದಿನಗಳ ಓಟಗಳನ್ನು, ಒಟ್ಟಿಗೆ ಕುಳಿತು ನೋಡುತ್ತೇವೆ. ಹಂತ ಆರಂಭವಾಗುವ ಮೊದಲು ಪ್ರತಿಯೊಬ್ಬರೂ ಮೂವರ ಹೆಸರನ್ನು ಚೀಟಿಯಲ್ಲಿ ಬರೆದಿಡುವುದು ನಮ್ಮ ರೂಢಿ. ಏರಿನಲ್ಲಿ ಅತ್ಯಂತ ಬಲಶಾಲಿ ಯಾರೋ ಅವರ ಹೆಸರನ್ನೇ ನಾನು ಪ್ರತಿ ಸಲ ಬರೆಯುತ್ತೇನೆ. ಆದರೂ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪುತ್ತೇನೆ. ಹಂತದ ನಕ್ಷೆಯಲ್ಲಿ ಏನನ್ನು ನೋಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಸರಸ್ವತಿಪುರಂನ ಹಿರಿಯ ಸವಾರರೊಬ್ಬರು:
ನೀವು ಕಾಲಿನ ಬಲವನ್ನು ನೋಡುತ್ತಿದ್ದೀರಿ. ಅಂದು ಯಾರಿಗೆ ಏನು ಬೇಕಾಗಿದೆ ಎಂಬುದನ್ನು ಮೊದಲು ನೋಡಿ. ಮೂರು ವಾರಗಳ ಸ್ಪರ್ಧೆಯಲ್ಲಿ ಹಂತದ ಗೆಲುವು ಬೇರೆ, ಒಟ್ಟು ಸಮಯದ ಲೆಕ್ಕ ಬೇರೆ. 2025ರ ಟೂರ್‌ನ 12ನೆಯ ಹಂತದಲ್ಲಿ, ಓತಾಕಾಂ ಏರಿನ ಬುಡದಲ್ಲೇ ದಾಳಿ ಮಾಡಿದ, ಅಂದರೆ ಒಮ್ಮೆಲೇ ವೇಗ ಹೆಚ್ಚಿಸಿ ಮುಂದೆ ನುಗ್ಗಿದ ಪೊಗಾಚರ್, ತಮ್ಮ ಮುಖ್ಯ ಎದುರಾಳಿ ವಿಂಗೆಗೋಗಿಂತ 2 ನಿಮಿಷ 10 ಸೆಕೆಂಡು ಮೊದಲು ಗುರಿ ಮುಟ್ಟಿದರು. ಐದು ದಿನಗಳ ನಂತರ 16ನೆಯ ಹಂತ ಮೊಂ ವಾಂತೂ ಶಿಖರದಲ್ಲಿ ಮುಗಿಯುವುದಿತ್ತು. ಅಷ್ಟರಲ್ಲಿ ಒಟ್ಟು ಸಮಯದಲ್ಲಿ ಪೊಗಾಚರ್ ಅವರ ಮುನ್ನಡೆ ನಾಲ್ಕು ನಿಮಿಷ ದಾಟಿತ್ತು. ಹಾಗಿರುವಾಗ, ಮುಂದೆ ತಪ್ಪಿಸಿಕೊಂಡು ಹೋದ ಗುಂಪನ್ನು ಇಡೀ ದಿನ ಅಟ್ಟಿಸಿಕೊಂಡು ಹೋಗಿ ತಮ್ಮ ಜೊತೆಗಾರರನ್ನು ದಣಿಸುವ ಅಗತ್ಯ ಅವರ ತಂಡಕ್ಕೆ ಇರಲಿಲ್ಲ. ಆ ಹಂತವನ್ನು ಗೆದ್ದವರು ಮುಂಚೂಣಿಯ ಗುಂಪಿನಲ್ಲಿದ್ದ ವಲೆಂಟಿನ್ ಪಾರೆ-ಪೆಂತ್ರ್. ಅವರು ಶಿಖರದ ಕೊನೆಯ ತಿರುವಿನ ಬಳಿ ಬೆನ್ ಹೀಲಿಯವರನ್ನು ಹಿಂದಿಕ್ಕಿದರು.

ವಾಂತೂವಿನ ಏರು ಬೆದ್ವಾಂ ಊರಿನ ಕಡೆಯಿಂದ 15.7 ಕಿಲೋಮೀಟರ್ ಉದ್ದವಿದ್ದು, ಸರಾಸರಿ ಶೇಕಡಾ 8.8ರಷ್ಟು ಕಡಿದಾಗಿದೆ, ನಮ್ಮ ಚಾಮುಂಡಿ ಬೆಟ್ಟವನ್ನು ನಡುವೆ ಬಿಡುವಿಲ್ಲದೆ ನಾಲ್ಕು ಸಲ ಹತ್ತಿದರೂ ಅಷ್ಟು ಎತ್ತರವಾಗುವುದಿಲ್ಲ. ಇಂಥ ಏರು ಅತ್ಯಂತ ಬಲಶಾಲಿಗೇ ಮೀಸಲು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಬಲಶಾಲಿ ಸವಾರ ಏರಿನ ಬುಡ ತಲುಪುವ ಹೊತ್ತಿಗೆ ಮುಂದಿನ ಗುಂಪು ಎಷ್ಟು ನಿಮಿಷ ದೂರದಲ್ಲಿದೆ ಎಂಬುದನ್ನು ಗಮನಿಸಲು ತೊಡಗಿದ ಮೇಲೆಯೇ ನನ್ನ ಊಹೆಗಳು ಸುಧಾರಿಸಿದವು.

ಮಂಡ್ಯದಿಂದ ಒಬ್ಬರು:
ಮೇಲಿನ ಮಾತನ್ನು ಒಪ್ಪುತ್ತೇನೆ. ಅದರ ಜೊತೆಗೆ, ಎರಡು ಬೆಟ್ಟಗಳ ನಡುವಿನ ಕಣಿವೆಯನ್ನು ತಪ್ಪದೆ ಅಳೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಆಷಾಢದಲ್ಲಿ ಮಂಡ್ಯದಿಂದ ಮೈಸೂರಿನ ಕಡೆಗೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎದುರುಗಾಳಿಯಲ್ಲಿ ಒಬ್ಬನೇ ಹೋದರೆ ಶ್ರೀರಂಗಪಟ್ಟಣ ತಲುಪುವಷ್ಟರಲ್ಲಿ ಕಾಲು ಸೋಲುತ್ತದೆ. ಮುಂದೊಬ್ಬರು ಗಾಳಿಗೆ ಮರೆಯಾಗಿ ನಡೆದರೆ ಅದೇ ದಾರಿ ಹಗುರವಾಗುತ್ತದೆ. ಶೇಕಡಾ 9 ಅಥವಾ 10ರ ಕಡಿದಾದ ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಮರೆಯ ಲಾಭವೂ ತಗ್ಗುತ್ತದೆ. ಸಮತಟ್ಟಾದ ಕಣಿವೆಯಲ್ಲಿ ಮಾತ್ರ ಅದು ನಿರ್ಣಾಯಕವಾಗುತ್ತದೆ.

ಇಟಲಿಯ ಮೂರು ವಾರಗಳ ಸ್ಪರ್ಧೆಯಾದ ಜಿರೋ ದಿ ಇಟಾಲಿಯಾದ 2025ರ 20ನೆಯ ಹಂತವನ್ನು ನಾನು ಮರೆಯಲಾರೆ. ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಗುಲಾಬಿ ಜೆರ್ಸಿ ಇಸಾಕ್ ಡೆಲ್ ಟೊರೊ ಅವರ ಮೈಮೇಲಿತ್ತು. ರಿಚರ್ಡ್ ಕರಪಾಜ್ 43 ಸೆಕೆಂಡು, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡು ಹಿಂದಿದ್ದರು. ಯೇಟ್ಸ್ ಅವರ ತಂಡವು ಸಮತಟ್ಟು ರಸ್ತೆಯಲ್ಲಿ ಅಪಾರ ಬಲವುಳ್ಳ ವೌಟ್ ವಾನ್ ಆರ್ಟ್ ಅವರನ್ನು ಮುಂಜಾಗ್ರತೆಯಿಂದ ಮುಂದಿನ ಗುಂಪಿನೊಂದಿಗೆ ಕಳುಹಿಸಿತ್ತು. ಮೇಲ್ಭಾಗದಲ್ಲಿ ಜಲ್ಲಿ ರಸ್ತೆಯಾಗುವ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಏರಿನಲ್ಲಿ ಯೇಟ್ಸ್ ಒಂಟಿಯಾಗಿ ಮುಂದೆ ಸಾಗಿದರು. ಶಿಖರ ದಾಟಿದ ಮೇಲೆ, ಅಲ್ಲಿ ಕಾದಿದ್ದ ವಾನ್ ಆರ್ಟ್, ಯೇಟ್ಸ್ ಅವರನ್ನು ಗಾಳಿಮರೆಯಲ್ಲಿ ಗುರಿಯಿದ್ದ ಸೆಸ್ತ್ರಿಯೆರೆ ಕಡೆಗೆ ಕರೆದೊಯ್ದರು. ಹಿಂದೆ ಉಳಿದ ಡೆಲ್ ಟೊರೊ ಮತ್ತು ಕರಪಾಜ್, ನಾನು ಮುಂದೆ ನಿಂತು ಎಳೆದರೆ ಇನ್ನೊಬ್ಬನಿಗೆ ಲಾಭವಾಗುತ್ತದೆಂದು ಒಬ್ಬರನ್ನೊಬ್ಬರು ನೋಡುತ್ತಾ ಉಳಿದರು. ಹಂತವನ್ನು ಮುಂದಿನ ಗುಂಪಿನ ಕ್ರಿಸ್ ಹಾರ್ಪರ್ ಗೆದ್ದರು. ಯೇಟ್ಸ್ ಅಂತಿಮವಾಗಿ ಡೆಲ್ ಟೊರೊಗಿಂತ 3 ನಿಮಿಷ 56 ಸೆಕೆಂಡು ಮುಂದಾಗಿ ಇಡೀ ಜಿರೋವನ್ನು ಗೆದ್ದರು. 2018ರಲ್ಲಿ ಇದೇ ಫಿನೆಸ್ತ್ರೆ ಏರಿನ ದಿನ ಗುಲಾಬಿ ಜೆರ್ಸಿ ಕಳೆದುಕೊಂಡವರು ಅವರೇ ಎಂಬುದನ್ನು ನೆನೆದಾಗ ಆ ಸಂಜೆ ನನ್ನ ಕಣ್ಣು ತುಂಬಿತ್ತು.

ಆದ್ದರಿಂದ ನಾನು ಮೊದಲು ಹುಡುಕುವುದು, ಯಾವ ನಾಯಕನ ಜೊತೆಗಾರ ಬೆಳಗ್ಗೆಯೇ ಮುಂದಿನ ಗುಂಪಿನಲ್ಲಿ ಸೇರಿಕೊಂಡಿದ್ದಾನೆ ಎಂಬುದನ್ನು.

ಪಾಂಡವಪುರದವರೊಬ್ಬರು:
ಊಟದ ವಿಷಯವನ್ನು ಯಾರೂ ಹೇಳಲಿಲ್ಲ. ಒಮ್ಮೆ ಬರಿಹೊಟ್ಟೆಯಲ್ಲಿ ಮೇಲುಕೋಟೆಗೆ ಹೊರಟು, ಕೊನೆಯ ಏರಿನಲ್ಲಿ ಸೈಕಲ್ ತಳ್ಳಿಕೊಂಡು ನಡೆದು, ಪುಳಿಯೋಗರೆ ತಿಂದ ಮೇಲೆಯೇ ನನಗೆ ಜೀವ ಬಂದಿತ್ತು. ವೃತ್ತಿಪರರು ಇಂದು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸುತ್ತಾರೆ, ಆದರೂ ಎಡೆಬಿಡದ ದಾಳಿಗಳ ನಡುವೆ ತಿನ್ನಲು ಬಿಡುವು ಸಿಗುವುದು ಕಷ್ಟ. 2022ರ ಟೂರ್‌ನ 11ನೆಯ ಹಂತದಲ್ಲಿ ಗಾಲಿಬಿಯೇ ಏರುವಾಗ ಒಂದೇ ತಂಡದ ರೋಗ್ಲಿಚ್ ಮತ್ತು ವಿಂಗೆಗೋ ಸರದಿಯಂತೆ ದಾಳಿ ಮಾಡಿದರು, ಪೊಗಾಚರ್ ಪ್ರತಿಯೊಂದಕ್ಕೂ ತಾವೇ ಉತ್ತರ ಕೊಟ್ಟರು. ಅದರ ಬೆಲೆ ಕೊನೆಯ ಗ್ರಾನೊಂ ಏರಿನಲ್ಲಿ ಕಂಡಿತು: ವಿಂಗೆಗೋಗಿಂತ 2 ನಿಮಿಷ 51 ಸೆಕೆಂಡು ಹಿಂದೆ ಬಿದ್ದು, ಟೂರ್ ಮುನ್ನಡೆಯ ಗುರುತಾದ ಹಳದಿ ಜೆರ್ಸಿಯನ್ನು ಬಿಟ್ಟುಕೊಡಬೇಕಾಯಿತು. ಕೊನೆಯ ಏರಿಗೆ ಮುಂಚೆ ಎರಡು ದೊಡ್ಡ ಏರುಗಳಿದ್ದು, ಎದುರಾಳಿ ತಂಡದಲ್ಲಿ ಇಬ್ಬರು ನಾಯಕರಿದ್ದರೆ, ಅಂದು ಬಲಶಾಲಿಯ ಹೆಸರನ್ನು ಬರೆಯುವ ಮೊದಲು ಸ್ವಲ್ಪ ಯೋಚಿಸಿ.

ಸರಸ್ವತಿಪುರಂನ ಹಿರಿಯರು ಮತ್ತೆ:
ಒಂದು ಸಣ್ಣ ಸಲಹೆ. ಚೀಟಿಯನ್ನು ಹಂತ ಆರಂಭವಾಗುವ ಮೊದಲೇ ಬರೆಯುವ ನಿಯಮವನ್ನು ಬದಲಾಯಿಸಿ. ಮುಂದೆ ಹೋಗುವ ಗುಂಪು ರೂಪುಗೊಳ್ಳಲು ಕೆಲವೊಮ್ಮೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದರಲ್ಲಿ ಯಾರಿದ್ದಾರೆ, ಅವರು ಒಟ್ಟು ಸಮಯದಲ್ಲಿ ಎಷ್ಟು ಹಿಂದಿದ್ದಾರೆ ಎಂಬುದು ತಿಳಿಯದೆ ಬರೆದ ಹೆಸರು ಬರಿಯ ಅಭಿಮಾನವಾಗುತ್ತದೆ. ಹಂತಗಳು ನಮ್ಮ ಸಮಯಕ್ಕೆ ಸಾಮಾನ್ಯವಾಗಿ ರಾತ್ರಿ ಎಂಟೂವರೆ, ಒಂಬತ್ತರ ಸುಮಾರಿಗೆ ಮುಗಿಯುವುದರಿಂದ, ಸಂಜೆ ಆರಕ್ಕೆ ಸೇರಿ ಚೀಟಿ ಬರೆದರೂ ತಡವಾಗದು. ಹಾಗೆ ಬರೆಯುವಾಗ ಎರಡು ಹೆಸರು ಮುಂದಿನ ಗುಂಪಿನಿಂದಿರಲಿ, ಒಂದು ಹೆಸರು ಮಾತ್ರ ಹಳದಿ ಜೆರ್ಸಿಗಾಗಿ ಹೋರಾಡುವವರದಿರಲಿ.